ಹಕ್ಕಿ ಇಳಿಯುವ ಜಾಗದಲ್ಲಿ ಟವರ್ ಬೇಡ

ಸೆಪ್ಟೆಂಬರ್ ಕೊನೆಯ ಒಂದು ಸಂಜೆ. ಕೆನಡಾದ ಕಡೆಯಿಂದ ತಣ್ಣನೆಯ ಗಾಳಿ ದಕ್ಷಿಣಕ್ಕೆ ಬೀಸತೊಡಗಿದೆ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಅಮೆರಿಕದ ಕಾಡು, ತೋಪು, ಹಿತ್ತಲುಗಳಿಂದ ಸಣ್ಣ ಹಕ್ಕಿಗಳು ಒಂದೊಂದಾಗಿ ಮೇಲೇಳುತ್ತವೆ. ನೆಲದ ಮೇಲೆ ನಿಂತವರಿಗೆ ಅವು ಕಾಣುವುದಿಲ್ಲ; ಆಗೊಮ್ಮೆ ಈಗೊಮ್ಮೆ ಕತ್ತಲಿನಿಂದ ಒಂದು ಪುಟ್ಟ ಉಲಿ ಕೇಳೀತು, ಅಷ್ಟೇ. ಹವಾಮಾನ ಇಲಾಖೆಯ ರೇಡಾರ್ ಪರದೆಯಲ್ಲಿ ಮಾತ್ರ, ಮಳೆಯ ಸುಳಿವೇ ಇಲ್ಲದ ಊರುಗಳ ಮೇಲೆ ದೊಡ್ಡ ದೊಡ್ಡ ಮಚ್ಚೆಗಳು ಅರಳಿ ದಕ್ಷಿಣಕ್ಕೆ ಸರಿಯುತ್ತವೆ. ಅವು ಹಕ್ಕಿಗಳು, ಲಕ್ಷಗಟ್ಟಲೆ.

ನಡುರಾತ್ರಿ ಮೋಡ ಕವಿಯುತ್ತದೆ, ಮಂಜು ಇಳಿಯುತ್ತದೆ. ನಕ್ಷತ್ರಗಳು ಮರೆಯಾಗುತ್ತವೆ. ಹಕ್ಕಿಗಳು ಮೋಡದ ಕೆಳಕ್ಕೆ ಇಳಿದು ಹಾರತೊಡಗುತ್ತವೆ. ಅಲ್ಲಿ, ದಿಣ್ಣೆಯ ನೆತ್ತಿಯ ಮೇಲೆ, ಕೆಂಪು ದೀಪಗಳನ್ನು ಹೊತ್ತ ಉಕ್ಕಿನ ಟವರ್ ನಿಂತಿದೆ. ಬೆಳಗಾದಾಗ ಅದರ ಬುಡದ ಹುಲ್ಲಿನಲ್ಲಿ ನೂರಾರು ಹಕ್ಕಿಗಳು ಸತ್ತು ಬಿದ್ದಿರುತ್ತವೆ.

ಇಂಥ ಬೆಳಗುಗಳನ್ನು ಕಂಡವರೇ ಅಮೆರಿಕದಲ್ಲಿ ಉದ್ಯಾನ, ಕೆರೆದಂಡೆ, ಕರಾವಳಿಗಳಲ್ಲಿ ಟವರ್ ಏಳುವುದನ್ನು ದಶಕಗಳಿಂದ ವಿರೋಧಿಸುತ್ತ ಬಂದಿದ್ದಾರೆ. ನಮ್ಮಲ್ಲಿಯೂ ಟವರ್ ಮತ್ತು ಹಕ್ಕಿಯ ಮಾತು ಬಂದರೆ ಎಲ್ಲರಿಗೂ ಒಂದಿಷ್ಟು ಗೊತ್ತು: ವಿಕಿರಣದಿಂದ ಗುಬ್ಬಚ್ಚಿಗಳು ಸತ್ತವಂತೆ. ಆದರೆ ವಿಜ್ಞಾನ ಬೆರಳು ತೋರುತ್ತಿರುವುದು ಬೇರೆ ಕಡೆಗೆ. ಹಕ್ಕಿಯನ್ನು ಕೊಲ್ಲುವುದು ಟವರ್‌ನ ಎತ್ತರ, ಅದರ ದೀಪ, ಅದನ್ನು ಬಿಗಿದು ನಿಲ್ಲಿಸಿದ ತಂತಿ. ಇವುಗಳ ಜೊತೆಗೆ ಅದು ನಿಂತ ಜಾಗ. ಈ ನಾಲ್ಕನ್ನು ಅರಿತರೆ ವಿರೋಧಕ್ಕೆ ಬಲ ಬರುತ್ತದೆ, ಪರಿಹಾರಕ್ಕೆ ದಾರಿಯೂ ಕಾಣುತ್ತದೆ.

ರಾತ್ರಿಯೇ ಏಕೆ ಹಾರುತ್ತವೆ?

ಹದ್ದು, ಗಿಡುಗಗಳಂಥ ದೊಡ್ಡ ರೆಕ್ಕೆಯ ಹಕ್ಕಿಗಳು ಹಗಲಿನ ಬಿಸಿಗಾಳಿಯ ಮೇಲೆ ತೇಲುತ್ತ ವಲಸೆ ಹೋಗುತ್ತವೆ. ವಾರ್ಬ್ಲರ್, ಥ್ರಷ್, ವಿರಿಯೋಗಳಂಥ ಪುಟ್ಟ ಹಕ್ಕಿಗಳಿಗೆ ರೆಕ್ಕೆ ಬಡಿಯದೆ ಗತಿಯಿಲ್ಲ. ರಾತ್ರಿಯ ಗಾಳಿ ತಂಪು, ಅಲುಗಾಟ ಕಡಿಮೆ. ಮೈ ಕಾಯುವುದಿಲ್ಲ, ನೀರು ಬತ್ತುವುದಿಲ್ಲ. ಗಿಡುಗಗಳ ಕಾಟವೂ ಇಲ್ಲ. ಹಗಲು ಪೂರ್ತಿ ಹುಳುಹುಪ್ಪಟೆ ಹುಡುಕಿ ತಿನ್ನಲು ಸಿಗುತ್ತದೆ.

ಈ ಪಯಣದ ಅಳತೆಯನ್ನು ಊಹಿಸಲು ಬ್ಲ್ಯಾಕ್‌ಪೋಲ್ ವಾರ್ಬ್ಲರ್ ಒಂದು ಸಾಕು. ಅದರ ತೂಕ ಸುಮಾರು 12 ಗ್ರಾಂ. ಈಶಾನ್ಯ ಅಮೆರಿಕದ ತೀರದಿಂದ ಹೊರಟು ಅಟ್ಲಾಂಟಿಕ್ ಸಾಗರದ ಮೇಲೆ ಎಲ್ಲಿಯೂ ಇಳಿಯದೆ ಎರಡು ಮೂರು ದಿನ ಹಾರಿ ಕೆರಿಬಿಯನ್ ದ್ವೀಪಗಳನ್ನು ಮುಟ್ಟುತ್ತದೆ. ದೂರ 2,300ರಿಂದ 2,800 ಕಿಲೋಮೀಟರ್. ಬೆನ್ನಿಗೆ ಪುಟಾಣಿ ಉಪಕರಣ ಕಟ್ಟಿ ನಡೆಸಿದ ಅಧ್ಯಯನವೊಂದು 2015ರಲ್ಲಿ ಇದನ್ನು ಖಚಿತಪಡಿಸಿತು.

ದಾರಿ ಹೇಗೆ ಗೊತ್ತಾಗುತ್ತದೆ? 1960ರ ದಶಕದಲ್ಲಿ ಸ್ಟೀಫನ್ ಎಮ್ಲೆನ್ ಎಂಬ ವಿಜ್ಞಾನಿ ಇಂಡಿಗೊ ಬಂಟಿಂಗ್ ಹಕ್ಕಿಗಳನ್ನು ತಾರಾಲಯದೊಳಗೆ ಇಟ್ಟು ನೋಡಿದರು. ಅವು ಧ್ರುವತಾರೆಯ ಸುತ್ತ ತಿರುಗುವ ಆಕಾಶವನ್ನು ನೋಡಿ ದಿಕ್ಕು ಹಿಡಿಯುತ್ತಿದ್ದವು. ನಕ್ಷತ್ರಗಳ ಜೊತೆಗೆ ಭೂಮಿಯ ಕಾಂತಕ್ಷೇತ್ರವೂ ದಿಕ್ಸೂಚಿ. ವಿಚಿತ್ರವೆಂದರೆ, ಈ ಕಾಂತಪ್ರಜ್ಞೆ ಕೆಲಸ ಮಾಡುವುದು ಕಣ್ಣಿಗೆ ಬೀಳುವ ಬೆಳಕಿನ ನೆರವಿನಿಂದ. ನೀಲಿ, ಹಸಿರು ಬೆಳಕಿನಲ್ಲಿ ಸರಿಯಾಗಿ ದಿಕ್ಕು ಹಿಡಿದ ರಾಬಿನ್ ಹಕ್ಕಿಗಳು ಕೆಂಪು ಬೆಳಕಿನಲ್ಲಿ ದಿಕ್ಕು ತಪ್ಪಿದ್ದನ್ನು ಜರ್ಮನಿಯ ಪ್ರಯೋಗಗಳು ತೋರಿಸಿವೆ.

ದೀಪದ ಬಲೆ

ಅಮೆರಿಕದಲ್ಲಿ 200 ಅಡಿ, ಅಂದರೆ ಸುಮಾರು 61 ಮೀಟರ್ ಮೀರಿದ ಟವರ್‌ಗಳಿಗೆ ವಿಮಾನಗಳ ಸುರಕ್ಷತೆಗಾಗಿ ಸಾಮಾನ್ಯವಾಗಿ ದೀಪ ಬೇಕೇ ಬೇಕು. ಎಷ್ಟೋ ದಶಕಗಳ ಕಾಲ ಈ ಟವರ್‌ಗಳ ಮೇಲೆ ಎರಡು ಬಗೆಯ ಕೆಂಪು ದೀಪಗಳು ಇರುತ್ತಿದ್ದವು: ಮಿನುಗುವವು, ಆರದೆ ಒಂದೇ ಸಮನೆ ಉರಿಯುವವು.

ಆಕಾಶ ತಿಳಿಯಾಗಿದ್ದರೆ ಹಕ್ಕಿಗಳು ಎತ್ತರದಲ್ಲಿ ಹಾರಿ ಹೋಗಿಬಿಡುತ್ತವೆ. ಮಂಜು ಮುಸುಕಿದ ರಾತ್ರಿ ಹಾಗಲ್ಲ. ತೇವದ ಕಣಗಳ ಮೇಲೆ ಬೆಳಕು ಚೆಲ್ಲಿ ಟವರ್ ಸುತ್ತ ಒಂದು ಬೆಳಗಿದ ವಲಯ ಏರ್ಪಡುತ್ತದೆ. ಕತ್ತಲೆ ತುಂಬಿದ ದೊಡ್ಡ ಮನೆಯಲ್ಲಿ ಒಂದೇ ಕೋಣೆಗೆ ದೀಪ ಹಚ್ಚಿದಂತೆ: ಒಳಗೆ ಬಂದ ಹಕ್ಕಿಗೆ ಹೊರಗಿನ ಕತ್ತಲೆಗೆ ಮರಳಲು ಮನಸ್ಸು ಬಾರದು. ನಕ್ಷತ್ರವಿಲ್ಲ, ಕೆಂಪು ಬೆಳಕಿನಲ್ಲಿ ಕಾಂತದ ದಿಕ್ಕೂ ಮಸುಕು. ಕಾಣುವ ಒಂದೇ ಗುರುತು ಆ ದೀಪ. ಅದರ ಸುತ್ತ ಸುತ್ತುತ್ತಲೇ ಇರುತ್ತದೆ.

ಅಲ್ಲಿಯೇ ತಂತಿಗಳಿವೆ. ಬಹಳ ಎತ್ತರದ ಟವರ್‌ಗಳು ತಮ್ಮ ಬಲದಲ್ಲಿ ನಿಲ್ಲುವುದಿಲ್ಲ. ನಮ್ಮ ವಿದ್ಯುತ್ ಕಂಬಕ್ಕೆ ಬಿಗಿಯುವ ಸ್ಟೇ ವೈರ್‌ನ ಬಗೆಯ ಉಕ್ಕಿನ ತಂತಿಗಳನ್ನು ನಾಲ್ಕಾರು ಹಂತಗಳಲ್ಲಿ, ನೂರಾರು ಮೀಟರ್ ದೂರದವರೆಗೆ ಎಳೆದು ಕಟ್ಟಿರುತ್ತಾರೆ. ರಾತ್ರಿ ಅವು ಕಾಣುವುದೇ ಇಲ್ಲ. ಸುತ್ತುವ ಹಕ್ಕಿ ತಂತಿಗೆ ಬಡಿಯುತ್ತದೆ, ಟವರ್‌ಗೆ ಬಡಿಯುತ್ತದೆ, ಇನ್ನೊಂದು ಹಕ್ಕಿಗೆ ಬಡಿಯುತ್ತದೆ. ಯಾವುದಕ್ಕೂ ಬಡಿಯದಿದ್ದರೂ ಸಾಗರ ದಾಟಲೆಂದು ಕೂಡಿಟ್ಟ ಕೊಬ್ಬು ಆ ಸುತ್ತಾಟದಲ್ಲೇ ಕರಗಿಹೋಗುತ್ತದೆ.

ಬುಡದಲ್ಲಿ ಕೂತು ಎಣಿಸಿದವರು

ಇದು ಗೊತ್ತಾದದ್ದು ಪ್ರತಿ ಬೆಳಿಗ್ಗೆ ಟವರ್ ಬುಡಕ್ಕೆ ಹೋಗಿ ಬಗ್ಗಿ ಎಣಿಸಿದ ಜನರಿಂದ. ವಿಸ್ಕಾನ್ಸಿನ್ ರಾಜ್ಯದ ಓ ಕ್ಲೇರ್ ಊರಿನ ವೈದ್ಯ ಚಾರ್ಲ್ಸ್ ಕೆಂಪರ್ ಅಲ್ಲಿನ ಟಿ.ವಿ. ಟವರ್‌ನ ಕೆಳಗೆ 1957ರಿಂದ ಸುಮಾರು ನಾಲ್ಕು ದಶಕ ಈ ಕೆಲಸ ಮಾಡಿದರು. ಅವರ ಲೆಕ್ಕದಲ್ಲಿ ಸಿಕ್ಕ ಸತ್ತ ಹಕ್ಕಿಗಳು 1,21,560, ಜಾತಿಗಳು 123. ಒಂದು ಟವರ್, ಒಬ್ಬ ವೈದ್ಯ, ಇಷ್ಟು ಹಕ್ಕಿ.

ಫ್ಲಾರಿಡಾದ ಟಾಲ್ ಟಿಂಬರ್ಸ್ ಸಂಶೋಧನಾ ಕೇಂದ್ರದ ಬಳಿಯ ಟಿ.ವಿ. ಟವರ್‌ನಲ್ಲಿ ಹರ್ಬರ್ಟ್ ಸ್ಟಾಡರ್ಡ್ 1955ರಲ್ಲಿ ಆರಂಭಿಸಿದ ಎಣಿಕೆಯನ್ನು ಮುಂದಿನವರು ನಡೆಸಿಕೊಂಡು ಬಂದರು. 29 ವರ್ಷಗಳ ಲೆಕ್ಕ ಸುಮಾರು 44,000 ಹಕ್ಕಿ. ಸುಮಾರು 300 ಮೀಟರ್ ಎತ್ತರದ ಆ ಟವರನ್ನು ಮುಂದೆ 90 ಮೀಟರ್ ಆಸುಪಾಸಿಗೆ ತಗ್ಗಿಸಿದಾಗ ಸಾವು ಬಹಳ ಕಡಿಮೆಯಾಯಿತು. ಎತ್ತರದ ಪಾತ್ರವನ್ನು ತೋರಿಸಲು ಇದಕ್ಕಿಂತ ನೇರ ಪುರಾವೆ ಬೇಡ.

1998ರ ಜನವರಿ 22ರ ರಾತ್ರಿ ಪಶ್ಚಿಮ ಕ್ಯಾನ್ಸಸ್‌ನಲ್ಲಿ ಹಿಮ ಮತ್ತು ಮಂಜು ಕವಿದಿತ್ತು. 420 ಅಡಿಯ ಒಂದು ಟವರ್‌ನ ಸುತ್ತಮುತ್ತ ಲ್ಯಾಪ್ಲೆಂಡ್ ಲಾಂಗ್‌ಸ್ಪರ್ ಎಂಬ ಹಕ್ಕಿಗಳು 5,000ದಿಂದ 10,000ದಷ್ಟು ಸತ್ತವು. ಮೊಬೈಲ್ ಫೋನ್ ಹರಡಿ ಟವರ್‌ಗಳು ಹೆಚ್ಚುತ್ತಿದ್ದ ಕಾಲವದು. ದೇಶದ ಗಮನ ಹರಿಯಿತು.

ಟ್ರಾವಿಸ್ ಲಾಂಗ್‌ಕೋರ್ ಮತ್ತು ಸಂಗಡಿಗರು ಇಂಥ ಎಣಿಕೆಗಳನ್ನೆಲ್ಲ ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅಮೆರಿಕ ಮತ್ತು ಕೆನಡಾಗಳಲ್ಲಿ ಸಂಪರ್ಕ ಟವರ್‌ಗಳಿಂದ ವರ್ಷಕ್ಕೆ ಸಾಯುವ ಹಕ್ಕಿಗಳು 68 ಲಕ್ಷ. ಇದರ ಬಹುಪಾಲು, ಸುಮಾರು ನೂರಕ್ಕೆ ಎಪ್ಪತ್ತು, 900 ಅಡಿ ಮೀರಿದ ಅತಿ ಎತ್ತರದ ಟವರ್‌ಗಳಲ್ಲಿ. ಅಂಥವು ಒಟ್ಟು ಟವರ್‌ಗಳಲ್ಲಿ ನೂರಕ್ಕೆ ಎರಡರಷ್ಟೂ ಇಲ್ಲ. ಅವು ಹೆಚ್ಚಾಗಿ ಟಿ.ವಿ., ರೇಡಿಯೊ ಪ್ರಸಾರದವು. ತಂತಿಯಿಲ್ಲದೆ, ದೀಪವಿಲ್ಲದೆ ನಿಂತ ಸಾಧಾರಣ ಎತ್ತರದ ಮೊಬೈಲ್ ಟವರ್‌ಗೆ ಬಡಿದು ಸಾಯುವ ಹಕ್ಕಿ ತೀರಾ ಕಡಿಮೆ. ಇದನ್ನು ಮರೆಮಾಚಿದರೆ ಹಕ್ಕಿಗಳ ಪರವಾದ ವಾದವೇ ಸೊರಗುತ್ತದೆ.

ಉತ್ತರ ಅಮೆರಿಕದಲ್ಲಿ 1970ರಿಂದೀಚೆಗೆ ಸುಮಾರು 300 ಕೋಟಿ ಹಕ್ಕಿಗಳು ಕಡಿಮೆಯಾಗಿವೆ ಎಂದು 2019ರ ಅಧ್ಯಯನವೊಂದು ಹೇಳಿತು. ಕಾಡು, ಹುಲ್ಲುಗಾವಲುಗಳ ನಾಶದಿಂದಲೇ ಬಳಲಿದ ಜಾತಿಗಳಿಗೆ ಪ್ರತಿ ವರ್ಷದ ಈ ಸಾವು ಗಾಯದ ಮೇಲಿನ ಬರೆ.

ವಿಕಿರಣದ ಮಾತು

ನಮ್ಮಲ್ಲಿ ಟವರ್ ಎಂದೊಡನೆ ಎದ್ದುಬರುವುದು ತರಂಗಗಳ ಭಯ. 2018ರಲ್ಲಿ ಬಂದ '2.0' ಚಲನಚಿತ್ರ ಈ ನಂಬಿಕೆಯನ್ನು ಊರೂರಿಗೆ ಒಯ್ದಿತು. 2020ರ ಫೆಬ್ರುವರಿಯಲ್ಲಿ ಗಾಂಧಿನಗರದಲ್ಲಿ ನಡೆದ ವಲಸೆ ಪ್ರಾಣಿಗಳ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಿಡುಗಡೆಯಾಯಿತು. ದೇಶವಿಡೀ ನೋಡಿದರೆ ಗುಬ್ಬಚ್ಚಿ ಹೆಚ್ಚುಕಡಿಮೆ ಸ್ಥಿರವಾಗಿದೆ, ದೊಡ್ಡ ನಗರಗಳಲ್ಲಿ ಇಳಿಮುಖವಾಗಿದೆ ಎಂದ ಆ ವರದಿ, ಇದಕ್ಕೆ ಮೊಬೈಲ್ ಟವರ್ ಕಾರಣ ಎನ್ನಲು ಪುರಾವೆ ಸಾಲದು ಎಂದಿತು. ಮರಿಗಳಿಗೆ ಉಣಿಸಲು ಹುಳು ಸಿಗದಿರುವುದು, ಗೂಡು ಕಟ್ಟಲು ಸಂದು ಇಲ್ಲದಿರುವುದು ಹೆಚ್ಚು ನಂಬತಕ್ಕ ಕಾರಣಗಳು.

ತರಂಗಗಳು ಹಕ್ಕಿಯನ್ನು ಏನೂ ಮಾಡುವುದಿಲ್ಲ ಎಂದಲ್ಲ. ಜರ್ಮನಿಯ ಓಲ್ಡನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಗರದ ವಿದ್ಯುತ್ಕಾಂತೀಯ ಗದ್ದಲ ರಾಬಿನ್ ಹಕ್ಕಿಯ ಕಾಂತದಿಕ್ಸೂಚಿಯನ್ನು ಕೆಡಿಸಿತು. ಆದರೆ ಆ ಗದ್ದಲ ಎ.ಎಂ. ರೇಡಿಯೊ ಬಳಸುವ ಕಡಿಮೆ ಆವರ್ತನಗಳದ್ದು. ಮೊಬೈಲ್ ಫೋನ್ ಬಳಸುವ ತರಂಗಗಳ ಆವರ್ತನ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಉದ್ಯಾನದ ಟವರನ್ನು ವಿರೋಧಿಸುವವರು ತರಂಗದ ಮಾತನ್ನೇ ಮುಂದಿಟ್ಟರೆ ಕಂಪನಿ ಅಳತೆಯ ಪತ್ರ ತೋರಿಸಿ ಗೆದ್ದುಬಿಡುತ್ತದೆ. ದೀಪ, ತಂತಿ, ಜಾಗದ ಪ್ರಶ್ನೆಗಳಿಗೆ ಅಂಥ ಸುಲಭದ ಉತ್ತರವಿಲ್ಲ.

ಉದ್ಯಾನವೇ ಏಕೆ ಬೇಡ?

ವಾಷಿಂಗ್ಟನ್ ನಗರದ ನಡುವೆ ರಾಕ್ ಕ್ರೀಕ್ ಪಾರ್ಕ್ ಎಂಬ ಕಾಡಿದೆ. ಅಮೆರಿಕದ ಸಂಸತ್ತು 1890ರಲ್ಲಿ ಅದನ್ನು ಜನರಿಗಾಗಿ ಕಾದಿರಿಸಿತು. ವಸಂತ ಮತ್ತು ಶರತ್ಕಾಲಗಳಲ್ಲಿ ರಾತ್ರಿಯಿಡೀ ಹಾರಿದ ವಾರ್ಬ್ಲರ್, ಥ್ರಷ್‌ಗಳಿಗೆ ಬೆಳಗಿನ ಜಾವ ಕೆಳಗೆ ಕಾಣುವುದು ಕಾಂಕ್ರೀಟು. ಅದರ ನಡುವೆ ಹಸಿರು ಈ ಒಂದು ಪಟ್ಟಿ. ದಣಿದ ಹಕ್ಕಿಗಳು ಅಲ್ಲಿ ಇಳಿಯುತ್ತವೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲೂ ಇದೇ ಕಥೆ. ನಗರದ ಉದ್ಯಾನ ವಲಸೆ ಹಕ್ಕಿಗೆ ಹಸಿವು, ದಣಿವು ನೀಗಿಸುವ ತಂಗುದಾಣ.

1990ರ ದಶಕದ ಕೊನೆಗೆ ರಾಕ್ ಕ್ರೀಕ್ ಪಾರ್ಕಿನಲ್ಲಿ ಎರಡು ಮೊಬೈಲ್ ಟವರ್ ನಿಲ್ಲಿಸುವ ಪ್ರಸ್ತಾವ ಬಂದಾಗ ಪಕ್ಷಿಪ್ರಿಯರು, ಉದ್ಯಾನಪ್ರಿಯರು ಎದ್ದುನಿಂತರು. ರಾಷ್ಟ್ರೀಯ ಉದ್ಯಾನ ಸೇವೆಯನ್ನು ಹುಟ್ಟುಹಾಕಿದ 1916ರ ಕಾನೂನು ಈ ಜಾಗಗಳನ್ನು ಮುಂದಿನ ತಲೆಮಾರಿಗೆ ಕುಂದಿಲ್ಲದೆ ಉಳಿಸಬೇಕು ಎನ್ನುತ್ತದೆ. ಉದ್ಯಾನದಲ್ಲಿ ಟವರ್ ಎಂದರೆ ಆ ಮಾತಿಗೇ ಕುಂದು ಎಂಬುದು ಅವರ ನಿಲುವು. ವಿರೋಧದ ನಡುವೆಯೂ ಟವರ್‌ಗಳು ಬಂದವು.

ಒಂದು ಗಿಡ್ಡ ಟವರ್‌ನಿಂದ ಏನು ನಷ್ಟ ಎಂದು ಕೇಳುವವರಿದ್ದಾರೆ. ಟವರ್ ಒಂಟಿಯಾಗಿ ಬರುವುದಿಲ್ಲ. ಅದರ ಜೊತೆಗೆ ಕಾಂಕ್ರೀಟ್ ಅಡಿಪಾಯ, ಬೇಲಿ, ಉಪಕರಣದ ಪೆಟ್ಟಿಗೆ, ಡೀಸೆಲ್ ಜನರೇಟರ್, ಲಾರಿ ಹೋಗುವ ದಾರಿ, ರಾತ್ರಿಯ ಕಾವಲು ದೀಪ ಬರುತ್ತವೆ. ದೀಪಕ್ಕೆ ಹಕ್ಕಿ ಮರುಳಾಗುವುದು ಎತ್ತರದಲ್ಲಿ ಮಾತ್ರವಲ್ಲ. ಇಳಿಯುವಾಗ, ಮತ್ತೆ ಮುಸ್ಸಂಜೆಯಲ್ಲಿ ಏಳುವಾಗ ಅದು ಮರದ ನೆತ್ತಿಯ ಮಟ್ಟದಲ್ಲೇ ಹಾರುತ್ತಿರುತ್ತದೆ. ಟವರ್‌ಗೆ ಬೇರೆ ಜಾಗ ಸಿಗುತ್ತದೆ: ಎತ್ತರದ ಕಟ್ಟಡ, ನೀರಿನ ಟ್ಯಾಂಕ್, ಈಗಾಗಲೇ ಇರುವ ಟವರ್. ಹಕ್ಕಿಗೆ ಬೇರೆ ಕಾಡು ಸಿಗುವುದಿಲ್ಲ.

ಕಾನೂನಿನ ಹಗ್ಗಜಗ್ಗಾಟ

ಅಮೆರಿಕದ 1996ರ ದೂರಸಂಪರ್ಕ ಕಾನೂನು ಸ್ಥಳೀಯ ಆಡಳಿತದ ಕೈ ಕಟ್ಟಿತು. ಟವರ್‌ನ ವಿಕಿರಣ ಸರ್ಕಾರದ ಮಿತಿಯೊಳಗಿದ್ದರೆ, ವಿಕಿರಣದ ಕಾರಣ ನೀಡಿ ಅನುಮತಿ ನಿರಾಕರಿಸುವಂತಿಲ್ಲ. ಸರ್ಕಾರಿ ಭೂಮಿಯಲ್ಲಿ ಟವರ್‌ಗೆ ಜಾಗ ಸಿಗುವಂತೆ ಮಾಡುವುದನ್ನೂ ಅದು ಉತ್ತೇಜಿಸಿತು. ಆದ್ದರಿಂದ ವಿರೋಧಿಸುವವರು ಹಕ್ಕಿ, ಪರಿಸರ, ಭೂದೃಶ್ಯಗಳ ಕಾನೂನುಗಳತ್ತ ತಿರುಗಿದರು.

ದೊಡ್ಡ ಗೆಲುವು ಸಿಕ್ಕಿದ್ದು ಗಲ್ಫ್ ಆಫ್ ಮೆಕ್ಸಿಕೊ ಕರಾವಳಿಯ ವಿಷಯದಲ್ಲಿ. ವಸಂತದಲ್ಲಿ ಕೊಲ್ಲಿಯನ್ನು ಒಂದೇ ಉಸಿರಿನಲ್ಲಿ ದಾಟಿ ಬಂದ ಹಕ್ಕಿಗಳು ಟೆಕ್ಸಸ್, ಲೂಸಿಯಾನಾ ದಡದಲ್ಲಿ ಸುಸ್ತಾಗಿ ಇಳಿಯುತ್ತವೆ. ಅಲ್ಲಿನ ಸಾವಿರಾರು ಟವರ್‌ಗಳ ಪರಿಣಾಮವನ್ನು ಪರಿಶೀಲಿಸಬೇಕೆಂದು ಅಮೆರಿಕನ್ ಬರ್ಡ್ ಕನ್ಸರ್ವೆನ್ಸಿ ಮತ್ತಿತರರು 2002ರಲ್ಲಿ ಫೆಡರಲ್ ಸಂಪರ್ಕ ಆಯೋಗವನ್ನು ಕೇಳಿದರು. ಆಯೋಗ ಒಪ್ಪಲಿಲ್ಲ. 2008ರ ಫೆಬ್ರುವರಿಯಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಹಕ್ಕಿಗಳ ಪರವಾಗಿ ಮಾತಾಡಿತು: ಪರಿಸರ ಕಾನೂನನ್ನು ಆಯೋಗ ಬದಿಗೆ ತಳ್ಳುವಂತಿಲ್ಲ, ಟವರ್ ಅರ್ಜಿಗಳ ಬಗ್ಗೆ ಜನರಿಗೆ ಮೊದಲೇ ತಿಳಿಸಬೇಕು. ಆ ಬಳಿಕ ಹೊಸ ಟವರ್‌ಗಳಿಗೆ ಸಾರ್ವಜನಿಕ ಪ್ರಕಟಣೆಯ ನಿಯಮ ಬಂತು. 450 ಅಡಿ ಮೀರಿದವಕ್ಕೆ ಪರಿಸರ ಪರಿಶೀಲನೆಯನ್ನು ಸೇರಿಸಲಾಯಿತು.

ಒಂದು ದೀಪ ಬದಲಿಸಿದರೆ

ಈ ಕಥೆಯಲ್ಲಿ ಭರವಸೆ ಕೊಡುವ ಅಂಶವೊಂದಿದೆ. ಮಿಷಿಗನ್ ರಾಜ್ಯದಲ್ಲಿ ಜೋಯೆಲ್ ಗೇರಿಂಗ್ ಮತ್ತು ಸಂಗಡಿಗರು ಬೇರೆ ಬೇರೆ ದೀಪಗಳ ಟವರ್‌ಗಳ ಬುಡದಲ್ಲಿ ಹಕ್ಕಿ ಎಣಿಸಿ 2009ರಲ್ಲಿ ವರದಿ ಮಾಡಿದರು. ಆರದೆ ಉರಿಯುವ ಕೆಂಪು ದೀಪಗಳನ್ನು ತೆಗೆದು ಮಿನುಗುವವನ್ನಷ್ಟೇ ಉಳಿಸಿದರೆ ಸಾವು ನೂರಕ್ಕೆ 50ರಿಂದ 71ರಷ್ಟು ಇಳಿಯುತ್ತದೆ. ದೀಪ ಆರಿದ ಆ ಒಂದು ಕ್ಷಣದಲ್ಲಿ ಹಕ್ಕಿ ಬಿಡಿಸಿಕೊಂಡು ಹೊರಡುತ್ತದೆ. ಮಿನುಗುವ ದೀಪ ಪೈಲಟ್‌ಗೆ ಚೆನ್ನಾಗಿಯೇ ಕಾಣುತ್ತದೆ, ಕಂಪನಿಗೆ ವಿದ್ಯುತ್ತೂ ಉಳಿಯುತ್ತದೆ. ಅಮೆರಿಕದ ವಿಮಾನಯಾನ ಆಡಳಿತ 2015ರ ಕೊನೆಗೆ ತನ್ನ ದೀಪದ ಮಾರ್ಗಸೂಚಿಯನ್ನು ಅದರಂತೆ ಬದಲಿಸಿತು.

ದೀಪ ಆರಿಸಿದರೆ ಹಕ್ಕಿ ಎಷ್ಟು ಬೇಗ ಚೇತರಿಸುತ್ತದೆ ಎಂಬುದನ್ನು ನ್ಯೂಯಾರ್ಕ್ ಕಂಡಿದೆ. ಅವಳಿ ಗೋಪುರಗಳ ಮೇಲಿನ ದಾಳಿಯಲ್ಲಿ ಮಡಿದವರ ನೆನಪಿಗೆ ಪ್ರತಿ ಸೆಪ್ಟೆಂಬರ್ 11ರ ರಾತ್ರಿ ಆಕಾಶಕ್ಕೆ ಹಾಯಿಸುವ ಬೆಳಕಿನ ಕಂಬಗಳಲ್ಲಿ ವಲಸೆ ಹಕ್ಕಿಗಳು ಸಿಲುಕುತ್ತಿದ್ದವು. ಏಳು ರಾತ್ರಿಗಳ ರೇಡಾರ್ ಲೆಕ್ಕದಲ್ಲಿ ಸುಮಾರು 11 ಲಕ್ಷ ಹಕ್ಕಿಗಳು ಅದರ ಪ್ರಭಾವಕ್ಕೆ ಒಳಗಾಗಿದ್ದವು ಎಂದು 2017ರ ಅಧ್ಯಯನ ಹೇಳಿತು. ಹಕ್ಕಿಗಳು ಕಿಕ್ಕಿರಿದಾಗ ದೀಪವನ್ನು ಸುಮಾರು 20 ನಿಮಿಷ ಆರಿಸುವ ಏರ್ಪಾಡಿತ್ತು. ಆರಿಸಿದ ಕೆಲವೇ ನಿಮಿಷಗಳಲ್ಲಿ ಅವು ಚದುರಿ ದಾರಿ ಹಿಡಿಯುತ್ತಿದ್ದವು. ಸತ್ತವರ ಸ್ಮರಣೆಗೂ ಕುಂದಿಲ್ಲ, ಹಕ್ಕಿಗೂ ಕೇಡಿಲ್ಲ.

ನಮ್ಮ ಆಕಾಶದ ಹಾದಿ

ಮಧ್ಯ ಏಷ್ಯಾದ ವಲಸೆ ಹಾದಿ ನಮ್ಮ ತಲೆಯ ಮೇಲೇ ಸಾಗುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಆ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ 2024ರಲ್ಲಿ ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್‌ಸಾರ್ ಪಟ್ಟಿ ಸೇರಿದವು. ರಾತ್ರಿ ಹಾರುವ ನವರಂಗ ಹಕ್ಕಿ ವಲಸೆಯ ದಿನಗಳಲ್ಲಿ ದಾರಿ ತಪ್ಪಿ ನಗರದ ಮನೆಗಳಿಗೆ ನುಗ್ಗುವುದನ್ನು, ಗಾಜಿಗೆ ಬಡಿದು ಬೀಳುವುದನ್ನು ಪಕ್ಷಿವೀಕ್ಷಕರು ಬಲ್ಲರು.

ಕೇಂದ್ರ ಪರಿಸರ ಸಚಿವಾಲಯ 2010ರಲ್ಲಿ ನೇಮಿಸಿದ ತಜ್ಞರ ಸಮಿತಿಯ ವರದಿಯ ಬೆನ್ನಿಗೆ 2012ರ ಆಗಸ್ಟ್‌ನಲ್ಲಿ ಒಂದು ಸಲಹಾಪತ್ರ ಬಂತು. ಇರುವ ಟವರ್‌ನ ಒಂದು ಕಿಲೋಮೀಟರ್ ಒಳಗೆ ಹೊಸದು ಬೇಡ. ಹೊಸದು ಬೇಕೇ ಆದರೆ ವಿಮಾನ ದೀಪದ ಅಗತ್ಯ ಬೀಳದಂತೆ 199 ಅಡಿಯೊಳಗೆ, ಎಳೆತಂತಿಯಿಲ್ಲದೆ ಕಟ್ಟಿ. ನೆಲದ ಕಾವಲು ದೀಪಗಳು ಕಡಿಮೆಯಿರಲಿ, ಕೆಳಮುಖವಾಗಿರಲಿ ಎಂಬ ಮಾತುಗಳು ಅದರಲ್ಲಿವೆ. ಅಮೆರಿಕದ ಹಕ್ಕಿಗಳು ಜೀವ ಕೊಟ್ಟು ಕಲಿಸಿದ ಪಾಠ ನಮ್ಮ ಸರ್ಕಾರಿ ಕಾಗದಕ್ಕೆ ಬಂದಿದೆ. ಸಲಹೆಯನ್ನು ನಿಯಮವಾಗಿ ಮಾಡುವ ಕೆಲಸ ಬಾಕಿ.

2025ರ ಜನವರಿ 1ರಿಂದ ಜಾರಿಯಾದ ದೂರಸಂಪರ್ಕ ನಿಯಮಗಳು ಸಾರ್ವಜನಿಕ ಆಸ್ತಿಯಲ್ಲಿ ಟವರ್, ಕೇಬಲ್ ಹಾಕಲು ಅನುಮತಿ ಪಡೆಯುವ ದಾರಿಯನ್ನು ಸರಳಗೊಳಿಸಿವೆ. ಹೀಗಾಗಿ ಉದ್ಯಾನಗಳ ಮೇಲಿನ ಒತ್ತಡ ಹೆಚ್ಚಲಿದೆ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳನ್ನು ಕಾಯುವ 1975ರ ಸರ್ಕಾರಿ ಉದ್ಯಾನಗಳ ಕಾಯ್ದೆ, ಬಡಾವಣೆಗಳ ಉದ್ಯಾನ ಮತ್ತು ಬಯಲುಗಳನ್ನು ಕಾಯುವ 1985ರ ಕಾಯ್ದೆ ಕರ್ನಾಟಕದ ಕೈಯಲ್ಲಿವೆ. ಇವನ್ನು ಬಳಸುವ ಎಚ್ಚರ ನಾಗರಿಕರಿಗೆ ಬೇಕು.

ಕೇಳಬೇಕಾದ ಪ್ರಶ್ನೆಗಳು

ಫೋನ್ ಬೇಡ ಎಂದು ಯಾರೂ ಹೇಳುತ್ತಿಲ್ಲ. ಕಾಡಿನಂಚಿನಲ್ಲಿ ಬಿದ್ದು ಕಾಲು ಮುರಿದುಕೊಂಡವರಿಗೆ ಸಿಗ್ನಲ್ ಜೀವ ಉಳಿಸುತ್ತದೆ. ವಾದ ಇರುವುದು ಎಲ್ಲಿ, ಹೇಗೆ ಎಂಬುದರಲ್ಲಿ.

ಉದ್ಯಾನಕ್ಕೋ ಕೆರೆದಂಡೆಗೋ ಟವರ್ ಬರುವ ಸುದ್ದಿ ಕೇಳಿದ ದಿನವೇ ಲಿಖಿತವಾಗಿ ಕೇಳಿ: ಎತ್ತರ ಎಷ್ಟು? ಎಳೆತಂತಿ ಇದೆಯೇ? ರಾತ್ರಿ ಯಾವ ದೀಪ ಉರಿಯುತ್ತದೆ? ಒಂದು ಕಿಲೋಮೀಟರ್ ಒಳಗೆ ಇನ್ನೊಂದು ಟವರ್ ಇದ್ದರೆ ಅದರ ಮೇಲೆಯೇ ಏಕೆ ಹಾಕಬಾರದು? ಹತ್ತಿರದ ಕಟ್ಟಡ, ನೀರಿನ ಟ್ಯಾಂಕ್ ನೋಡಿದಿರಾ? ಇಲ್ಲಿ ಯಾವ ತಿಂಗಳಲ್ಲಿ ಯಾವ ವಲಸೆ ಹಕ್ಕಿ ಇಳಿಯುತ್ತದೆ ಎಂಬ ಪಟ್ಟಿ ನಿಮ್ಮ ಕಡತದಲ್ಲಿದೆಯೇ? ಕೊನೆಯ ಪ್ರಶ್ನೆಗೆ ಉತ್ತರ ಸ್ಥಳೀಯ ಪಕ್ಷಿವೀಕ್ಷಕರ ಟಿಪ್ಪಣಿ ಪುಸ್ತಕದಲ್ಲಿ ಸಿಗುತ್ತದೆ. ಅದನ್ನು ಕಡತಕ್ಕೆ ಸೇರಿಸುವುದು ನಮ್ಮ ಹೊಣೆ.

ಈಗಾಗಲೇ ನಿಂತ ಟವರ್‌ಗಳ ಬುಡದಲ್ಲಿ ಅಕ್ಟೋಬರ್, ನವೆಂಬರ್ ಮುಂಜಾವುಗಳಲ್ಲಿ ಎಣಿಕೆಯೂ ನಡೆಯಬೇಕು. ಕಾಲೇಜಿನ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳು, ಪಕ್ಷಿವೀಕ್ಷಕರ ಬಳಗಗಳು ಹಂಚಿಕೊಂಡು ಮಾಡಬಹುದಾದ ಕೆಲಸವಿದು. ವಿಸ್ಕಾನ್ಸಿನ್‌ನ ವೈದ್ಯರೊಬ್ಬರು ಬಗ್ಗಿ ಎಣಿಸಿದ ಹಕ್ಕಿಗಳು ಕೊನೆಗೆ ಒಂದು ದೇಶದ ದೀಪಗಳನ್ನು ಬದಲಿಸುವ ಪುರಾವೆಯ ಭಾಗವಾದವು. ಲೆಕ್ಕ ಕೈಯಲ್ಲಿದ್ದರೆ ಅಧಿಕಾರಿಗೆ ಉತ್ತರಿಸದೆ ದಾರಿಯಿಲ್ಲ, ಕಂಪನಿಗೆ ಜಾಗ ಬದಲಿಸದೆ ದಾರಿಯಿಲ್ಲ.